ಹರಳಿನ ಮೈಯೇ ಬೇರೆ, ಒಳಗೇ ಬೇರೆ: ಆಕ್ಸೈಡ್ ಒಗಟು ಬಿಡಿಸಿದ ಮುಂಬೈ ಅಧ್ಯಯನ

ಮುಂಬೈ: ಕಬ್ಬಿಣ, ನಿಕ್ಕಲ್, ಟೈಟಾನಿಯಂ, ರುಥೇನಿಯಂನಂಥ ಸಂಕ್ರಮಣ ಲೋಹಗಳು ಆಮ್ಲಜನಕದೊಂದಿಗೆ ಸೇರಿದಾಗ ಉಂಟಾಗುವ ಸಂಯುಕ್ತಗಳೇ ಸಂಕ್ರಮಣ ಲೋಹ ಆಕ್ಸೈಡ್‌ಗಳು. ಗೋಡೆಗೆ ಬಳಿಯುವ ಬಿಳಿ ಬಣ್ಣದಿಂದ ಮೊಬೈಲ್ ಬ್ಯಾಟರಿವರೆಗೆ ಇವುಗಳ ಬಳಕೆ ಇದೆ. ಆದರೆ ಈ ಹರಳುಗಳ ಹೊರಮೈ ನೋಡಿ ಒಳಗಿನ ಗುಣ ಹೇಳಲಾಗದು ಎಂಬುದಕ್ಕೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಅಧ್ಯಯನವೊಂದು ಉದಾಹರಣೆ. 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹೋಮಿ ಭಾಭಾ ಆರಂಭಿಸಿದ ಟಿಐಎಫ್‌ಆರ್, ಅದೇ ವರ್ಷ ಮುಂಬೈಗೆ ಸ್ಥಳಾಂತರಗೊಂಡಿತ್ತು.

ಹೊರಮೈ ಏಕೆ ಭಿನ್ನ?

ಹರಳಿನೊಳಗಿನ ಪರಮಾಣುವಿಗೆ ಸುತ್ತಲೂ ನೆರೆಹೊರೆ ಇರುತ್ತದೆ. ಹೊರಮೈಯಲ್ಲಿರುವುದಕ್ಕೆ ಒಂದು ಬದಿ ಖಾಲಿ. ಹರಳನ್ನು ಯಾವ ದಿಕ್ಕಿನಲ್ಲಿ ಸೀಳಲಾಗಿದೆ ಎಂಬುದೂ ಮುಖ್ಯ. ನಿಕ್ಕಲ್ ಆಕ್ಸೈಡ್‌ನ ಘನಾಕೃತಿಯ ಮುಖದಲ್ಲಿ ನಿಕ್ಕಲ್ ಮತ್ತು ಆಮ್ಲಜನಕ ಸಮನಾಗಿದ್ದು, ಆ ಮೈ ಸ್ಥಿರ. ಮೂಲೆ ಕತ್ತರಿಸಿದಂತೆ ಸೀಳಿದರೆ ಒಂದು ಪದರದಲ್ಲಿ ಬರೀ ನಿಕ್ಕಲ್, ಮುಂದಿನದರಲ್ಲಿ ಬರೀ ಆಮ್ಲಜನಕ. ಇಂಥ ಮೈಯ ಶಕ್ತಿ ಹೆಚ್ಚು. ಅದು ಪರಮಾಣುಗಳನ್ನು ಮರುಜೋಡಿಸಿಕೊಂಡು ಅಥವಾ ಕೆಲವನ್ನು ಬಿಟ್ಟುಕೊಟ್ಟು ಸ್ಥಿರವಾಗುತ್ತದೆ.

ಒಗಟು ಏನಿತ್ತು?

ಸರಳ ಲೆಕ್ಕಾಚಾರದ ಪ್ರಕಾರ ನಿಕ್ಕಲ್ ಆಕ್ಸೈಡ್‌ನಲ್ಲಿ ವಿದ್ಯುತ್ ಹರಿಯಬೇಕು. ಆದರೆ ಅದು ಅವಾಹಕ. 1937ರಲ್ಲಿ ಡಿ ಬೋಯರ್ ಮತ್ತು ವರ್ವೇ ಈ ವೈರುಧ್ಯವನ್ನು ಎತ್ತಿ ತೋರಿಸಿದರು. ಎಲೆಕ್ಟ್ರಾನ್‌ಗಳ ನಡುವಿನ ಪ್ರಬಲ ವಿಕರ್ಷಣೆಯೇ ಇದಕ್ಕೆ ಕಾರಣ. ರುಥೇನಿಯಂನಲ್ಲಿ ಎಲೆಕ್ಟ್ರಾನ್ ಕಕ್ಷೆಗಳು ಹೆಚ್ಚು ಹರಡಿಕೊಂಡಿರುವುದರಿಂದ ಈ ವಿಕರ್ಷಣೆ ಕಡಿಮೆ ಇರಬೇಕು. ಆದರೂ ಅದರ ಆಕ್ಸೈಡ್‌ಗಳ ಪ್ರಯೋಗಗಳಲ್ಲಿ ಪ್ರಬಲ ವಿಕರ್ಷಣೆಯಂಥ ಲಕ್ಷಣಗಳು ಕಾಣುತ್ತಿದ್ದವು.

ಉತ್ತರ ಸಿಕ್ಕಿದ್ದು ಹೀಗೆ

ಹರಳಿನ ಮೇಲೆ ನೇರಳಾತೀತ ಅಥವಾ ಎಕ್ಸ್ ಕಿರಣ ಹಾಯಿಸಿ, ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವುದು ಇಲ್ಲಿನ ವಿಧಾನ. ಈ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಒಂದೆರಡು ನ್ಯಾನೋಮೀಟರ್ ಆಳದೊಳಗಿನಿಂದಷ್ಟೇ ಬರುವುದರಿಂದ ಹೊರಮೈಯ ಪಾಲು ದೊಡ್ಡದು. ಕಿರಣದ ಶಕ್ತಿ ಬದಲಿಸಿದರೆ ಈ ಆಳವೂ ಬದಲಾಗುತ್ತದೆ. ಆ ವ್ಯತ್ಯಾಸದ ನೆರವಿನಿಂದ ಹೊರಗು-ಒಳಗುಗಳನ್ನು ಬೇರ್ಪಡಿಸಬಹುದು.

ಟಿಐಎಫ್‌ಆರ್‌ನ ಕಲೋಬರಣ್ ಮೈತಿ ಮತ್ತು ರವಿಶಂಕರ್ ಸಿಂಗ್ 2005ರಲ್ಲಿ ಕ್ಯಾಲ್ಸಿಯಂ ರುಥೆನೇಟ್ ಹಾಗೂ ಸ್ಟ್ರಾನ್ಷಿಯಂ ರುಥೆನೇಟ್‌ಗಳಲ್ಲಿ ಹೊರಮೈ ಮತ್ತು ಒಳಭಾಗದ ಎಲೆಕ್ಟ್ರಾನ್ ರಚನೆ ಗಣನೀಯವಾಗಿ ಭಿನ್ನ ಎಂದು ತೋರಿಸಿದರು. ಒಳಭಾಗದಲ್ಲಿ ವಿಕರ್ಷಣೆಯ ಪರಿಣಾಮ ದುರ್ಬಲವಾಗಿತ್ತು.

ಇದರ ಮಹತ್ವವೇನು?

ವೇಗವರ್ಧಕ ಮತ್ತು ಅನಿಲ ಸಂವೇದಕಗಳ ಕೆಲಸ ನಡೆಯುವುದು ಹೊರಮೈಯಲ್ಲಿ. ದಪ್ಪ ಹರಳಿನ ವಿದ್ಯುತ್ ವಾಹಕತೆ, ಕಾಂತತ್ವಗಳನ್ನು ನಿರ್ಧರಿಸುವುದು ಮುಖ್ಯವಾಗಿ ಒಳಭಾಗ. ಒಂದರ ಅಳತೆಯನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಸಿದ್ಧಾಂತವೂ ತಪ್ಪುತ್ತದೆ, ಸಾಧನವೂ ಕೈಕೊಡುತ್ತದೆ.