72ನೇ ಕಾಲಂ ಆಚೆ ಏನಿದೆ? ಮೇನ್‌ಫ್ರೇಮ್ ಫೈಲ್ ಟೈಪ್‌ಗಳ ಕಥೆ

ನಿಮ್ಮ ಫೋನ್‌ಗೆ ಬರೋ ಪ್ರತಿ ಫೈಲ್‌ನ ಹೆಸರಿಗೂ ಒಂದು ಬಾಲ ಇರುತ್ತೆ. ಡಾಟ್ ಪಿಡಿಎಫ್ ಅಂದ್ರೆ ಒಂದು ಆ್ಯಪ್ ತೆರೆಯುತ್ತೆ, ಡಾಟ್ ಎಂಪಿ3 ಅಂದ್ರೆ ಇನ್ನೊಂದು. ಆದ್ರೆ ದೊಡ್ಡ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕ ನೋಡ್ಕೊಳ್ಳೋ ಮೇನ್‌ಫ್ರೇಮ್‌ನಲ್ಲಿ ಪ್ರೋಗ್ರಾಂಗಳಿಗೆ ಈ ಬಾಲವೇ ಇರಲಿಲ್ಲ. ಹಾಗಾದ್ರೆ ಯಾವ ಫೈಲ್ ಏನು ಅಂತ ಗೊತ್ತಾಗ್ತಿದ್ದದ್ದು ಹೇಗೆ? ಇವತ್ತಿನ ಎಪಿಸೋಡ್ ಅದರ ಬಗ್ಗೆ.

1964ರ ಏಪ್ರಿಲ್ 7ರಂದು ಐಬಿಎಂ ಕಂಪನಿ ಸಿಸ್ಟಂ/360 ಘೋಷಿಸಿತು. ಇವತ್ತಿನ ಮೇನ್‌ಫ್ರೇಮ್‌ಗಳು ಅದರ ವಂಶದವೇ. ಅದರಲ್ಲಿ ಪ್ರೋಗ್ರಾಂಗಳು ಇರ್ತಿದ್ದದ್ದು ಲೈಬ್ರರಿಗಳಲ್ಲಿ. ಲೈಬ್ರರಿಯೊಳಗಿನ ಒಂದೊಂದು ಪ್ರೋಗ್ರಾಂ ಒಬ್ಬ 'ಮೆಂಬರ್'. ಮೆಂಬರ್ ಹೆಸರು ಹೆಚ್ಚೆಂದರೆ 8 ಅಕ್ಷರ, ಅಷ್ಟೇ. PAYCALC ಅಂತ ಹೆಸರಿದ್ರೆ ಅದು ಕೋಬಾಲ್ ಪ್ರೋಗ್ರಾಮೋ, ಕೆಲಸ ಓಡಿಸೋ ಜೆಸಿಎಲ್ಲೋ ಅಂತ ಹೆಸರು ಹೇಳಲ್ಲ.

ಇದಕ್ಕೂ ಹಿಂದಿನ ಕಥೆ ಇನ್ನೊಂದಿದೆ. 1928ರಲ್ಲಿ ಐಬಿಎಂ 80 ಕಾಲಂನ ಪಂಚ್ ಕಾರ್ಡ್ ತಂದಿತು. 1950ರ ದಶಕದ ಐಬಿಎಂ 704 ಯಂತ್ರದಲ್ಲಿ ಒಂದು 'ವರ್ಡ್' ಅಂದ್ರೆ 36 ಬಿಟ್. ಕಾರ್ಡಿನ ಒಂದು ಸಾಲು ಓದಿದ್ರೆ ಎರಡು ವರ್ಡ್, ಅಂದ್ರೆ 72 ಕಾಲಂ. ಉಳಿದ 8 ಕಾಲಂ ಹೊರಗೇ ಉಳೀತು. ಅಲ್ಲಿ ಜನ ಕ್ರಮಸಂಖ್ಯೆ ಬರೆಯೋಕೆ ಶುರುಮಾಡಿದ್ರು. ಕಾರ್ಡಿನ ಕಟ್ಟು ಕೈಜಾರಿ ಬಿದ್ರೆ ಮತ್ತೆ ಜೋಡಿಸಬೇಕಲ್ಲ! ಕೋಬಾಲ್‌ಗೂ ಇದೇ ಅಭ್ಯಾಸ ಬಂತು: 1ರಿಂದ 6 ಸಾಲಿನ ಸಂಖ್ಯೆ, 7 ಒಂದು ಗುರುತು, 8ರಿಂದ 72 ಪ್ರೋಗ್ರಾಂ. 73ರಿಂದ 80ರಲ್ಲಿ ಏನೇ ಬರೆದ್ರೂ ಕಂಪೈಲರ್ ಲೆಕ್ಕಕ್ಕೆ ತಗೊಳ್ಳಲ್ಲ.

1970ರ ಆಸುಪಾಸಿನಲ್ಲಿ ಪ್ಯಾನ್‌ವ್ಯಾಲೆಟ್, ಲೈಬ್ರೇರಿಯನ್ ಥರದ ಸಾಫ್ಟ್‌ವೇರ್‌ಗಳು ಕಾರ್ಡಿನ ಡಬ್ಬಗಳ ಜಾಗಕ್ಕೆ ಬಂದವು. ಪ್ಯಾನ್‌ವ್ಯಾಲೆಟ್‌ಗೆ ಪ್ರೋಗ್ರಾಂ ಸೇರಿಸುವಾಗಲೇ ಇದು ಯಾವ ಭಾಷೆ ಅಂತ ಹೇಳಬೇಕಿತ್ತು. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರೋಚ್‌ಕಿಂಡ್ ಎಸ್‌ಸಿಸಿಎಸ್ ಬರೆದರು, ಅದೂ ಮೊದಲು ಐಬಿಎಂ ಯಂತ್ರದ ಮೇಲೇ. ಪ್ರತಿ ಆವೃತ್ತಿಯನ್ನೂ ಪೂರ್ತಿ ಇಟ್ಟುಕೊಳ್ಳೋ ಬದಲು, ಏನು ಬದಲಾಯ್ತೋ ಅಷ್ಟನ್ನೇ ಬರೆದಿಡೋದು ಅದರ ಉಪಾಯ.

1980ರ ದಶಕದಲ್ಲಿ ಎಂಡೆವರ್ ಬಂತು. ಇವತ್ತಿಗೂ ಬಳಕೆಯಲ್ಲಿದೆ, 2018ರಿಂದ ಬ್ರಾಡ್‌ಕಾಮ್ ಕೈಲಿದೆ. ಇದರಲ್ಲಿ ಪ್ರತಿ ಫೈಲ್ ಒಂದು 'ಎಲಿಮೆಂಟ್', ಪ್ರತಿ ಎಲಿಮೆಂಟ್‌ಗೂ ಒಂದು 'ಟೈಪ್' ಇರಲೇಬೇಕು. ಟೈಪ್ ಅಂದ್ರೆ ಬರೀ ಹೆಸರಲ್ಲ, ಒಂದಷ್ಟು ನಿಯಮ.

ನಾನು ಬಿಕಾಂ ಓದಿದವನು, ನನಗೆ ಇದು ಅರ್ಥವಾದದ್ದು ಟ್ಯಾಲಿಯಿಂದ. ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್ ಅದು. ಎಫ್5 ಒತ್ತಿದ್ರೆ ಪೇಮೆಂಟ್, ಎಫ್6 ಒತ್ತಿದ್ರೆ ರಿಸೀಟ್. ವೋಚರ್ ಟೈಪ್ ಗೊತ್ತಾದ್ರೆ ಮುಂದೆ ಏನು ಕೇಳಬೇಕು, ನಂಬರ್ ಹೇಗೆ ಹಾಕಬೇಕು ಅನ್ನೋದು ಟ್ಯಾಲಿಗೆ ಗೊತ್ತು. ಎಂಡೆವರ್‌ನ ಟೈಪ್ ಕೂಡ ಹಾಗೇ. ಒಂದು ಸಾಲು ಎಷ್ಟು ಉದ್ದ? ಹಳೇದು ಹೊಸದು ಹೋಲಿಸುವಾಗ ಯಾವ ಕಾಲಂನಿಂದ ಯಾವ ಕಾಲಂವರೆಗೆ ನೋಡಬೇಕು? ಮೊದಲ ಪ್ರತಿ ಪೂರ್ತಿ ಇಟ್ಟು ಮುಂದಿನ ಬದಲಾವಣೆ ಸೇರಿಸ್ತಾ ಹೋಗಬೇಕಾ, ಇಲ್ಲಾ ಈಗಿನ ಪ್ರತಿ ಪೂರ್ತಿ ಇಟ್ಟು ಹಿಂದಿನ ಬದಲಾವಣೆ ಬರೆದಿಡಬೇಕಾ? ಕಂಪೈಲ್ ಮಾಡೋ ಪ್ರೊಸೆಸರ್ ಯಾವುದು? ಹಲವು ಟೈಪ್‌ಗಳು ಒಟ್ಟಿಗೆ ಬಂದ್ರೆ ಯಾವುದು ಮೊದಲು? ಹಲವು ಪ್ರೋಗ್ರಾಂಗಳು ಹಂಚಿಕೊಳ್ಳೋ ಕಾಪಿಬುಕ್ ಮೊದಲು ಆಗಬೇಕು, ಅದನ್ನ ಬಳಸೋ ಪ್ರೋಗ್ರಾಂ ಆಮೇಲೆ.

ಹೋಲಿಕೆ ಕಾಲಂ ಅನ್ನೋ ಒಂದೇ ಪ್ರಶ್ನೆ ತಗೊಳ್ಳಿ. ಕೋಬಾಲ್‌ಗೆ 7ರಿಂದ 72 ಅಂತ ಹಾಕೋದು ವಾಡಿಕೆ. 1ರಿಂದ 80 ಅಂತ ಹಾಕಿದ್ರೆ? ಯಾರೋ ಸಾಲುಗಳಿಗೆ ಹೊಸ ನಂಬರ್ ಹಾಕಿದ ತಕ್ಷಣ ಇಡೀ ಪ್ರೋಗ್ರಾಂ ಬದಲಾಗಿದೆ ಅಂತ ಕಾಣುತ್ತೆ. ನಿಜವಾಗಿ ಬದಲಾದ ಒಂದು ಸಾಲು ಆ ರಾಶಿಯಲ್ಲಿ ಕಳೆದುಹೋಗುತ್ತೆ. ಈಗ ಇದರ ಉಲ್ಟಾ. 80 ಕಾಲಮ್ಮೂ ಬಳಸೋ ಡೇಟಾ ಫೈಲ್‌ಗೆ ಹೊಸ ಟೈಪ್ ಬೇಕು, ಕೋಬಾಲ್‌ನದ್ದನ್ನೇ ಕಾಪಿ ಮಾಡಿದ್ರು ಅಂತಿಟ್ಟುಕೊಳ್ಳಿ. 75ನೇ ಕಾಲಂನಲ್ಲಿ ಒಂದು ಅಂಕಿ ತಿದ್ದಿದ್ರೆ, ಏನೂ ಬದಲಾಗಿಲ್ಲ ಅನ್ನುತ್ತೆ ಹೋಲಿಕೆ.

ಇದು ಬರೀ ತಾಂತ್ರಿಕ ವಿಷಯ ಅಲ್ಲ. ಎನ್ರಾನ್, ವರ್ಲ್ಡ್‌ಕಾಮ್ ಹಗರಣಗಳ ನಂತರ 2002ರಲ್ಲಿ ಅಮೆರಿಕದಲ್ಲಿ ಸರ್ಬೇನ್ಸ್-ಆಕ್ಸ್‌ಲೀ ಕಾಯ್ದೆ ಬಂತು. ಆಮೇಲೆ ಲೆಕ್ಕ ಹಾಕೋ ಪ್ರೋಗ್ರಾಂ ಯಾರು, ಯಾವಾಗ, ಯಾರ ಒಪ್ಪಿಗೆಯಿಂದ ಬದಲಿಸಿದ್ರು ಅನ್ನೋದನ್ನೂ ಆಡಿಟರ್‌ಗಳು ಕೇಳತೊಡಗಿದ್ರು. ಆ ಉತ್ತರ ಎಷ್ಟು ನಂಬಿಕೆಗೆ ಅರ್ಹ ಅನ್ನೋದು ಟೈಪ್ ಬರೆದವರ ಕೈಲಿದೆ.

ನಮಗೂ ಇದಕ್ಕೂ ಸಂಬಂಧ? ವೈ2ಕೆ ಕಾಲದಲ್ಲಿ ಅಮೆರಿಕ, ಯುರೋಪಿನ ಕೋಬಾಲ್ ಕೆಲಸ ಬೆಂಗಳೂರಿಗೂ ಬಂತು, ಈಗಲೂ ಇಲ್ಲಿ ಆ ಕೆಲಸ ಮಾಡೋರಿದ್ದಾರೆ. ಕೆಲವು ಕಂಪನಿಗಳು ಈಗ ಹಳೇ ಸೋರ್ಸ್‌ನ ಗಿಟ್‌ಗೆ ಸಾಗಿಸ್ತಿವೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್‌ಗೆ ಫೈಲ್ ಅಂದ್ರೆ ಬೈಟ್‌ಗಳ ಸಾಲು, ಅಷ್ಟೇ. ಅದಕ್ಕೆ 72ನೇ ಕಾಲಂ ಗೊತ್ತಿಲ್ಲ. ಅಕ್ಷರಗಳೂ ಬೇರೆ: ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಮೇನ್‌ಫ್ರೇಮ್‌ನ ಎಬ್ಸಿಡಿಕ್‌ನಲ್ಲಿ 193, ನಮ್ಮ ಫೋನ್‌ನಲ್ಲಿ 65. ಹಾಗಾಗಿ ಎಂಟಕ್ಷರದ ಆ ಹಳೇ ಹೆಸರುಗಳಿಗೆ ಈಗ ಡಾಟ್ ಸಿಬಿಎಲ್ ಅಂತ ಬಾಲ ಅಂಟಿಸಿ, ಯಾವ ಬಾಲಕ್ಕೆ ಯಾವ ಅಕ್ಷರಪಟ್ಟಿ ಅಂತ ಮತ್ತೆ ಬರೆದುಕೊಡ್ತಾರೆ. ಟೈಪ್ ಅನ್ನೋದು ಹೋಗಲಿಲ್ಲ, ವೇಷ ಬದಲಾಯಿತು ಅಷ್ಟೇ.

ಕಷ್ಟ ಏನಂದ್ರೆ, ಆ ಪಟ್ಟಿಯಲ್ಲಿ '7ರಿಂದ 72' ಅಂತ ಇರುತ್ತೆ, ಯಾಕೆ ಅಂತ ಇರಲ್ಲ. ಆ 'ಯಾಕೆ' ಗೊತ್ತಿರೋರು ರಿಟೈರ್ ಆಗ್ತಿದ್ದಾರೆ. ನಿಮ್ಮಲ್ಲಿ ಯಾರಾದ್ರೂ ಇಂಥ ಪ್ರಾಜೆಕ್ಟ್‌ನಲ್ಲಿದ್ರೆ, ಟೈಪ್ ಪಟ್ಟಿಯನ್ನ ಬರೀ ಸೆಟಿಂಗ್ಸ್ ಅಂದ್ಕೋಬೇಡಿ. ಹಳೇ ಲೆಡ್ಜರ್ ಓದೋ ಥರ ಸಾಲು ಸಾಲಾಗಿ ಓದಿ. ಸೀನಿಯರ್ ಒಬ್ಬರ ಜೊತೆ ಕೂತು ಪ್ರತಿಯೊಂದಕ್ಕೂ 'ಇದು ಯಾಕೆ ಸರ್? ಇದು ಯಾಕೆ ಮೇಡಂ?' ಅಂತ ಕೇಳಿ, ಬರೆದಿಡಿ. ಅವರು ಇರುವಾಗಲೇ ಕೇಳಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.