ರೆಡಾಕ್ಸ್ ಸಂಕೇತ ಹೊರಡುವುದೆಲ್ಲಿಂದ? ಸಿನೆಕೋಸಿಸ್ಟಿಸ್‌ನ ದ್ಯುತಿಸಂಶ್ಲೇಷಣಾ ಜೀನ್‌ಗಳ ಕುರಿತು ಒಂದು ಟಿಪ್ಪಣಿ

ಬೆಳಕು ಏರಿದಾಗ ಸಯನೋಬ್ಯಾಕ್ಟೀರಿಯಗಳು ದ್ಯುತಿಸಂಶ್ಲೇಷಣೆಯ ಜೀನ್‌ಗಳಲ್ಲಿ ಕೆಲವನ್ನು ಚುರುಕುಗೊಳಿಸುತ್ತವೆ, ಕೆಲವನ್ನು ತಗ್ಗಿಸುತ್ತವೆ. ಎಲೆಕ್ಟ್ರಾನ್ ಸರಪಳಿಯ ರೆಡಾಕ್ಸ್ ಸ್ಥಿತಿ, ಅಂದರೆ ಉತ್ಕರ್ಷಣ–ಅಪಕರ್ಷಣಗಳ ಏರುಪೇರು, ಇದಕ್ಕೆ ಸಿಗುವ ಮುಖ್ಯ ಸೂಚನೆಗಳಲ್ಲಿ ಒಂದು. ಆ ಸೂಚನೆ ಸರಪಳಿಯ ಯಾವ ಕೊಂಡಿಯಿಂದ ಹೊರಡುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲ ಅನುಮಾನ ಪ್ಲಾಸ್ಟೋಕ್ವಿನೋನ್ ಸಂಚಯದ ಮೇಲೆ. ಫೋಟೋಸಿಸ್ಟಮ್-2 ಇದಕ್ಕೆ ಎಲೆಕ್ಟ್ರಾನ್ ತುಂಬುತ್ತದೆ. ಸೈಟೋಕ್ರೋಮ್ ಬಿ6ಎಫ್ ಅದನ್ನು ಫೋಟೋಸಿಸ್ಟಮ್-1ರತ್ತ ಸಾಗಿಸುತ್ತದೆ. ಸಾಸಿವೆ ಗಿಡದ ಕ್ಲೋರೋಪ್ಲಾಸ್ಟ್‌ನಲ್ಲಿ ಈ ಸಂಚಯವೇ ಎರಡೂ ಫೋಟೋಸಿಸ್ಟಮ್‌ಗಳ ಜೀನ್‌ಗಳನ್ನು ನಿಯಂತ್ರಿಸುತ್ತದೆ ಎಂದು ಫಾನ್‌ಶ್ಮಿಟ್, ನಿಲ್ಸನ್ ಮತ್ತು ಆಲನ್ 1999ರಲ್ಲಿ ತೋರಿಸಿದ್ದರು. ಕ್ಲೋರೋಪ್ಲಾಸ್ಟ್‌ನ ಪೂರ್ವಜರ ವಂಶಕ್ಕೇ ಸೇರಿದ ಸಯನೋಬ್ಯಾಕ್ಟೀರಿಯದಲ್ಲೂ ಹಾಗೆಯೇ ಇರಬೇಕೆಂದು ಊಹಿಸುವುದು ಸಹಜ.

ಈ ಊಹೆಯನ್ನು ಒರೆಗೆ ಹಚ್ಚಲು ಎರಡು ಪ್ರತಿಬಂಧಕಗಳಿವೆ. ಡಿಸಿಎಂಯು ಸಂಚಯಕ್ಕಿಂತ ಮೊದಲೇ ಹರಿವನ್ನು ತಡೆಯುತ್ತದೆ. ಬೆಳಕಿನಲ್ಲಿ ಸಂಚಯ ಉತ್ಕರ್ಷಣೆಯತ್ತ ವಾಲುತ್ತದೆ. ಡಿಬಿಎಂಐಬಿ ತಡೆಯುವುದು ಸಂಚಯದ ನಂತರ. ಆಗ ಅದು ಅಪಕರ್ಷಣೆಯತ್ತ ವಾಲುತ್ತದೆ. ಜೀನ್ ಸಂಚಯಕ್ಕೆ ಓಗೊಡುವುದಾದರೆ ಎರಡು ಪ್ರತಿಬಂಧಕಗಳಿಗೆ ಪರಸ್ಪರ ವಿರುದ್ಧವಾಗಿ ಸ್ಪಂದಿಸಬೇಕು. ಎರಡಕ್ಕೂ ಒಂದೇ ರೀತಿ ಸ್ಪಂದಿಸಿದರೆ, ಕಾರಣವನ್ನು ಸಂಚಯದ ಆಚೆ ಹುಡುಕಬೇಕು.

ಯುಕಾಕೊ ಹಿಹಾರಾ ಮತ್ತು ಸಂಗಡಿಗರು 2003ರಲ್ಲಿ ಸಿನೆಕೋಸಿಸ್ಟಿಸ್ ಪಿಸಿಸಿ 6803 ಎಂಬ ಸಯನೋಬ್ಯಾಕ್ಟೀರಿಯದ ಇಡೀ ಜೀನೋಮನ್ನು ಮೈಕ್ರೋಅರೇ ಮೂಲಕ ಹೀಗೆ ಪರೀಕ್ಷಿಸಿದರು. ಸುಮಾರು 140 ಜೀನ್‌ಗಳು ಸ್ಪಂದಿಸಿದವು. ಸಂಚಯದ ಹಿಡಿತದಲ್ಲಿದ್ದವು ಒತ್ತಡಕ್ಕೆ ಸ್ಪಂದಿಸುವ ಕೆಲವು ಜೀನ್‌ಗಳೇ ಹೊರತು ದ್ಯುತಿಸಂಶ್ಲೇಷಣೆಯವಲ್ಲ.

ಹಾಗಾದರೆ ಸರಪಳಿಯ ಕೊನೆಯತ್ತ ನೋಡಬೇಕು. ಪೆಡ್‌ಆರ್ ಎಂಬ ಪುಟ್ಟ ನಿಯಂತ್ರಕ ಪ್ರೋಟೀನು ಮಂದ ಬೆಳಕಿನಲ್ಲಿ ಸಕ್ರಿಯ. ಕ್ಲೋರೋಫಿಲ್ ತಯಾರಿಕೆಯ ಕೆಲವು ಜೀನ್‌ಗಳನ್ನು ಅದು ಪ್ರಚೋದಿಸುತ್ತದೆ. ಬೆಳಕು ಏರಿದೊಡನೆ, ಸರಪಳಿಯ ಕೊನೆಯಲ್ಲಿರುವ ಫೆರೆಡಾಕ್ಸಿನ್‌ನಿಂದ ಹೊರಟ ಎಲೆಕ್ಟ್ರಾನ್ ಥಯೋರೆಡಾಕ್ಸಿನ್ ಎಂಬ ಪ್ರೋಟೀನನ್ನು ತಲುಪುತ್ತದೆ. ಅದರೊಡನೆ ಕೂಡಿದ ಪೆಡ್‌ಆರ್ ತಾತ್ಕಾಲಿಕವಾಗಿ ನಿಷ್ಕ್ರಿಯವಾಗುತ್ತದೆ. ಮಂದ ಬೆಳಕಿನಲ್ಲಿ ಫೋಟೋಸಿಸ್ಟಮ್-1ರ ಜೀನ್‌ಗಳನ್ನು ಉತ್ತೇಜಿಸುವ ಆರ್‌ಪಿಎಬಿ ಎಂಬ ಇನ್ನೊಂದು ನಿಯಂತ್ರಕ ಪ್ರೋಟೀನು ಕೂಡ ಪ್ರಖರ ಬೆಳಕು ಬಿದ್ದ ಕೆಲವೇ ನಿಮಿಷಗಳಲ್ಲಿ ಡಿಎನ್‌ಎಯ ಮೇಲಿನ ಹಿಡಿತ ಸಡಿಲಿಸುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಸಯನೋಬ್ಯಾಕ್ಟೀರಿಯದ ಥೈಲಕಾಯ್ಡ್‌ನಲ್ಲಿ ಉಸಿರಾಟವೂ ಇದೇ ಸಂಚಯಕ್ಕೆ ಎಲೆಕ್ಟ್ರಾನ್ ಸುರಿಯುತ್ತದೆ. ಹೀಗಾಗಿ ಡಿಸಿಎಂಯು ಹಾಕಿದ ಮಾತ್ರಕ್ಕೆ ಸಂಚಯ ಪೂರ್ತಿ ಉತ್ಕರ್ಷಿತವಾಯಿತೆನ್ನಲಾಗದು. ಅದನ್ನು ಅಳೆದೇ ನೋಡಬೇಕು. ಎರಡನೆಯದು, ಒಂದು ಜೀನನ್ನು ಕೆಡಿಸಿದಾಗ ಕಂಡ ಪರಿಣಾಮವನ್ನೇ ಅದರ ನಿಜವಾದ ಕೆಲಸವೆಂದು ತಿಳಿಯಬಾರದು. ಲೀ ಮತ್ತು ಶೆರ್ಮನ್ 2000ದಲ್ಲಿ ರೆಡಾಕ್ಸ್ ನಿಯಂತ್ರಕವೆಂದು ವಿವರಿಸಿದ ಆರ್‌ಪಿಪಿಎ, ನಿಕ್ಕಲ್ ಗ್ರಹಿಸುವ ವ್ಯವಸ್ಥೆಯ ಭಾಗವೆಂದು 2002ರಲ್ಲಿ ಲೋಪೆಸ್-ಮೌರಿ ತಂಡ ತೋರಿಸಿತು.

ಆದ್ದರಿಂದ ಒಂದು ಜೀನ್ ರೆಡಾಕ್ಸ್ ನಿಯಂತ್ರಣದಲ್ಲಿದೆ ಎಂದು ಬರೆದರೆ ಮಾತು ಮುಗಿಯುವುದಿಲ್ಲ. ಯಾವ ಕೊಂಡಿ, ಯಾವ ಪ್ರೋಟೀನು, ಯಾವ ಅಳತೆಯ ಆಧಾರ ಎಂಬುದನ್ನೂ ಹೇಳಬೇಕು. ಸಿನೆಕೋಸಿಸ್ಟಿಸ್‌ನ ಮಟ್ಟಿಗೆ ಈಗಿರುವ ಸಾಕ್ಷ್ಯ ಪ್ಲಾಸ್ಟೋಕ್ವಿನೋನ್‌ಗಿಂತ ಥಯೋರೆಡಾಕ್ಸಿನ್‌ನತ್ತಲೇ ಹೆಚ್ಚು ಬೊಟ್ಟು ಮಾಡುತ್ತದೆ.