'ಲೆವೆಲ್ಸ್' ಗೀತದ ಪೌರ್ವಾಪರ್ಯ: ಮಸ್ಕಿಯ ಬಂಡೆಯ ಬಳಿಯಿಂದ ಒಂದು ವಿಚಾರ

ಬೌದ್ಧರ ನರಕವೊಂದರ ಹೆಸರನ್ನು ತನ್ನದಾಗಿಸಿಕೊಂಡು ಅವಿಚಿಯೆಂದು ಪ್ರಸಿದ್ಧನಾದ ಸ್ವೀಡನ್ನಿನ ಟಿಮ್ ಬರ್ಗ್ಲಿಂಗನ (1989–2018) 'ಲೆವೆಲ್ಸ್' ಪ್ರಕಟವಾದುದು 2011ರ ಅಕ್ಟೋಬರಿನಲ್ಲಿ. ಅಮೆರಿಕದ ರ‍್ಯಾಪ್ ಗಾಯಕ ಫ್ಲೋ ರೈಡಾನ 'ಗುಡ್ ಫೀಲಿಂಗ್' ಅದೇ ವರ್ಷದ ಆಗಸ್ಟಿನಲ್ಲಿ. ಎರಡರಲ್ಲಿಯೂ ಎಟ್ಟಾ ಜೇಮ್ಸಳ 1962ರ ಹಾಡೊಂದರ ಒಂದೇ ತುಣುಕು ಕೇಳಿಬರುವುದರಿಂದ 'ಲೆವೆಲ್ಸ್' ಗೀತವೇ ಸಾಲಗಾರನೆಂದು, ತಾರೀಖುಗಳನ್ನು ಒಂದರ ಕೆಳಗೊಂದು ಬರೆದಿಟ್ಟು ತೀರ್ಪು ಕೊಡುವವರುಂಟು. ಇವರೊಡನೆ ವಾದಿಸಲು ನನಗೆ ಹೆಚ್ಚಿನ ತಾಳ್ಮೆಯಿಲ್ಲ.

ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕ ಶಾಸನಗಳನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು; ಮಸ್ಕಿಯದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ನನ ಕಣ್ಣಿಗೆ ಬಿದ್ದುದು 1915ರಲ್ಲಿ. ತಡವಾಗಿ ದೊರೆತುದೆಂಬ ಮಾತ್ರಕ್ಕೆ ಮಸ್ಕಿಯ ಪಾಠವು ಅವುಗಳ ನಕಲೆಂದು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಯಾವ ಶಾಲಾಬಾಲಕನೂ ಹೇಳಲಾರ.

ವಿವಾದಕ್ಕೆ ಆಧಾರವಾದ ಆ ಕಂಠಖಂಡವನ್ನೇ ಪರೀಕ್ಷಿಸೋಣ. 2006ರಲ್ಲಿಯೇ ಪ್ರೆಟಿ ಲೈಟ್ಸ್ ಎಂಬ ಅಮೆರಿಕದ ನಿರ್ಮಾಪಕನು 'ಫೈನಲಿ ಮೂವಿಂಗ್' ಎಂಬ ಕೃತಿಯಲ್ಲಿ ಅದನ್ನು ಬಳಸಿದ್ದನಾಗಿ, ಎರಡು ಕೃತಿಗಳಲ್ಲಿ ಅದು ಸಮಾನವಾಗಿರುವುದು ಸಮಾನ ಪೂರ್ವಜನನ್ನು ಸೂಚಿಸುವುದೇ ಹೊರತು ಒಂದು ಮತ್ತೊಂದರಿಂದ ಹುಟ್ಟಿತೆಂಬುದನ್ನಲ್ಲ. ಆದರೆ 'ಗುಡ್ ಫೀಲಿಂಗ್' ಗೀತದಲ್ಲಿ ಎಟ್ಟಾ ಜೇಮ್ಸಳಿಗೆ ಸೇರದ, ಪ್ರೆಟಿ ಲೈಟ್ಸನಲ್ಲಿಯೂ ಇಲ್ಲದ ಸಿಂಥಸೈಜರಿನ ಸ್ವರಮಾಲೆಯೊಂದಿದೆ; 'ಲೆವೆಲ್ಸ್' ಗೀತದ ಬೆನ್ನೆಲುಬೂ ಅದೇ. ಪೌರ್ವಾಪರ್ಯವನ್ನು ನಿರ್ಣಯಿಸಬೇಕಾದುದು ಈ ಸ್ವರಮಾಲೆಯಿಂದ. ಅದು 2010ರ ಡಿಸೆಂಬರಿನಲ್ಲಿ, ಫ್ಲೋ ರೈಡಾನ ಹಾಡಿಗೆ ಎಂಟು ತಿಂಗಳು ಮೊದಲೇ, ಬಿಬಿಸಿ ರೇಡಿಯೊದ 'ಎಸೆನ್ಶಿಯಲ್ ಮಿಕ್ಸ್' ಕಾರ್ಯಕ್ರಮದಲ್ಲಿ ಅವಿಚಿಯ ಕೈಯಿಂದಲೇ ಪ್ರಸಾರವಾಗಿತ್ತು. ಆಗ ಕೃತಿಗೆ ಹೆಸರಿರಲಿಲ್ಲ, ರೂಪವು ಅಂತಿಮವಾಗಿರಲಿಲ್ಲವೆಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ನಾನು ಸಾಧಿಸಹೊರಟಿರುವುದು ಸ್ವರಮಾಲೆಯ ಪ್ರಾಚೀನತೆಯನ್ನು, ಶೀರ್ಷಿಕೆಯದನ್ನಲ್ಲ. (ಸ್ಕ್ರಿಲ್ಲೆಕ್ಸ್ ಮಾಡಿದ 'ಲೆವೆಲ್ಸ್' ರೀಮಿಕ್ಸನ್ನು ಸಾಕ್ಷಿಗೆ ಕರೆಯುವುದು ವ್ಯರ್ಥ, ಅದು ಮೂಲವನ್ನು ಕೈಯಲ್ಲಿಟ್ಟುಕೊಂಡು ಮತ್ತೊಬ್ಬನು ತಿದ್ದಿದ ಪಾಠ.)

'ಗುಡ್ ಫೀಲಿಂಗ್' ಗೀತದ ರಚನಕಾರರ ಪಟ್ಟಿಯಲ್ಲಿ ಬರ್ಗ್ಲಿಂಗನ ಹೆಸರೇ ಇರುವಾಗ ಇಷ್ಟು ದೀರ್ಘವಾದವೇಕೆಂದು ನನ್ನ ಪಕ್ಷದವರೇ ಕೇಳಬಹುದು. ಆ ಪಟ್ಟಿಯನ್ನು ನಾನು ಬೇಕೆಂದೇ ಹಿಂದಿರಿಸಿದೆನು. ಅಂತಹ ಪಟ್ಟಿಗಳು ಕೆಲವೊಮ್ಮೆ ವಕೀಲರ ಸಂಧಾನದಿಂದ ಹುಟ್ಟುವವು. ಲಿಯೊನಾ ಲೂಯಿಸಳ 'ಕೊಲೈಡ್' ಗೀತದ ಮೇಲೆ ಅವಿಚಿಯ ಹೆಸರು ಸೇರಿದುದು, ಅವನ 'ಫೇಡ್ ಇಂಟು ಡಾರ್ಕ್‌ನೆಸ್' ಕೃತಿಯನ್ನು ಕುರಿತ ಜಗಳವು ಇತ್ಯರ್ಥವಾದ ಮೇಲೆ. ಅಲ್ಲಿಯೂ ತಾರೀಖುವಾದಿಗಳು ಇವರಿಬ್ಬರ ನಡುವೆಯೇ ಮೊದಲಿಗನನ್ನು ಅರಸುತ್ತಿರುವರು. ಆ ರಾಗವಾದರೋ ಇಂಗ್ಲೆಂಡಿನ ಪೆಂಗ್ವಿನ್ ಕೆಫೆ ಆರ್ಕೆಸ್ಟ್ರಾದ 'ಪರ್ಪೆಚುಯಮ್ ಮೊಬಿಲೆ' ಎಂಬ 1987ರ ಕೃತಿಯದು.